ದರ ಪರಿವರ್ತನೆಯ ಪಟ್ಟಿಯ ಮೇಲೊಂದು ಚರ್ಚೆ

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆದ ಚಿತ್ರ) ಯಾವುದೇ ದರವನ್ನು ಒಂದು ಏಕಮಾನದಿಂದ ಇನ್ನೊಂದಕ್ಕೆ ತರಲು ಈ ಪಟ್ಟಿಯಲ್ಲಿರುವ ಸಂಖ್ಯೆಯಿಂದ ಗುಣಿಸಿದರೆ ಸಾಕಂತೆ. ಮೂರು ಸಾಲಿದೆ: ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರ್ ಮಾಡಲು 5/18, ಚದರ ಮೀಟರಿನ ದರವನ್ನು ಚದರ ಅಡಿಯ ದರ ಮಾಡಲು 10.764, ಗ್ಯಾಲನ್ನಿಗೆ ಮೈಲಿಯನ್ನು ನೂರು ಕಿಲೋಮೀಟರಿಗೆ ಲೀಟರ್ ಮಾಡಲು 0.425. ಮಕ್ಕಳಿಗೆ ಉಪಯೋಗವಾದೀತು, ಎಲ್ಲರೂ ಉಳಿಸಿಟ್ಟುಕೊಳ್ಳಿ.

ಅಕ್ಕ: ಚಿಕ್ಕಪ್ಪ, ಮೊದಲ ಸಾಲು ಸರಿಯಾಗಿದೆ, ಗಂಟೆಗೆ 72 ಕಿಲೋಮೀಟರನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 20 ಮೀಟರ್ ಬರುತ್ತದೆ. ಎರಡನೆಯ ಸಾಲು ತಲೆಕೆಳಗಾಗಿದೆ. ಒಂದು ಚದರ ಮೀಟರಿನಲ್ಲಿ 10.764 ಚದರ ಅಡಿಗಳಿರುವುದರಿಂದ, ಚದರ ಮೀಟರಿಗೆ 500 ಗ್ರಾಂ ಗೊಬ್ಬರ ಎಂಬ ದರವನ್ನು ಚದರ ಅಡಿಗೆ ಇಳಿಸುವಾಗ ಭಾಗಿಸಬೇಕು; ಸುಮಾರು 46.5 ಗ್ರಾಂ ಸಿಗುತ್ತದೆ. ಪಟ್ಟಿಯ ಮಾತು ಕೇಳಿ ಗುಣಿಸಿದರೆ ಒಂದೊಂದು ಚದರ ಅಡಿಗೂ ಐದು ಕಿಲೋಗಿಂತ ಹೆಚ್ಚು ಸುರಿಯಬೇಕಾಗುತ್ತದೆ, ಆಮೇಲೆ ಗಿಡ ಹುಡುಕಬೇಕು.

ಅಣ್ಣ: ಅದೊಂದು ಸಾಲಿನಲ್ಲಿ ‘ಭಾಗಿಸಿ’ ಎಂದು ತಿದ್ದಿದರೆ ಮುಗಿಯಿತಲ್ಲ? ಇಷ್ಟಕ್ಕೆ ಇಡೀ ಪಟ್ಟಿಯನ್ನೇ ಜಾಲಾಡಬೇಕೇ?

ಅಕ್ಕ: ಬೇಕು. ದರವೆಂದರೆ ಭಿನ್ನರಾಶಿ, ಅಂಶದಲ್ಲೊಂದು ಏಕಮಾನ, ಛೇದದಲ್ಲೊಂದು ಏಕಮಾನ ಇರುತ್ತದೆ. ಮೊದಲ ಸಾಲಿನಲ್ಲಿಯೂ ಕಿಲೋಮೀಟರನ್ನು ಮೀಟರ್ ಮಾಡಲು 1000ದಿಂದ ಗುಣಿಸಿ, ಗಂಟೆಯನ್ನು ಸೆಕೆಂಡ್ ಮಾಡಲು 3600ರಿಂದ ಭಾಗಿಸಿದ್ದಾರೆ. 5/18 ಅದರ ಸಂಕ್ಷಿಪ್ತ ರೂಪವಷ್ಟೇ. ಪಟ್ಟಿ ಬರೆದವರು ಆ ಭಾಗಾಕಾರವನ್ನು ಮರೆಮಾಡಿ, ‘ಗುಣಿಸಿ’ ಎಂಬ ಒಂದೇ ಮಾತನ್ನು ನಿಯಮವೆಂದು ಸಾರಿದ್ದಾರೆ.

ಚಿಕ್ಕಪ್ಪ: ಇರಲಮ್ಮ, ಮೂರನೆಯ ಸಾಲಿನಲ್ಲಿ ಏನು ತಪ್ಪಿದೆ ಹೇಳು. ಗ್ಯಾಲನ್ನಿಗೆ 20 ಮೈಲಿ ಓಡುವ ಕಾರಿನ ಲೆಕ್ಕವನ್ನು 0.425ರಿಂದ ಗುಣಿಸಿ ನೋಡಿದೆ, 8.5 ಬಂತು. ನೂರು ಕಿಲೋಮೀಟರಿಗೆ 8.5 ಲೀಟರ್ ಎಂದರೆ ನಂಬುವಂತೆಯೇ ಇದೆ.

ನಾನು: ನಂಬುವಂತಿರುವುದರಿಂದಲೇ ಅದು ಹೆಚ್ಚು ಅಪಾಯಕಾರಿ, ಚಿಕ್ಕಪ್ಪ. ಆ 8.5 ಎಂಬುದು ಒಂದು ಲೀಟರಿಗೆ ಓಡುವ ಕಿಲೋಮೀಟರು. ನೂರನ್ನು ಅದರಿಂದ ಭಾಗಿಸಿದರೆ ನೂರು ಕಿಲೋಮೀಟರಿಗೆ ಸುಮಾರು 11.76 ಲೀಟರ್ ಆಗುತ್ತದೆ. ಗ್ಯಾಲನ್ನಿಗೆ 40 ಮೈಲಿ ಓಡುವ ಕಾರನ್ನು ಇದೇ ಪಟ್ಟಿಗೆ ಹಾಕಿ ನೋಡಿ: 17 ಲೀಟರ್ ಎನ್ನುತ್ತದೆ, ಅಂದರೆ ಮೈಲೇಜ್ ಹೆಚ್ಚಿದಷ್ಟೂ ಇಂಧನ ಹೆಚ್ಚು ಬೇಕೆಂದಾಯಿತು! ನಿಜವಾದ ಉತ್ತರ 5.88. ಇಲ್ಲಿ ಭಿನ್ನರಾಶಿಯೇ ಮಗುಚಿಕೊಳ್ಳುವುದರಿಂದ ಗುಣಿಸಲು ಯಾವ ಸ್ಥಿರ ಸಂಖ್ಯೆಯೂ ಇಲ್ಲ, ನೂರನ್ನು 0.425ರಿಂದ ಭಾಗಿಸಿದಾಗ ಬರುವ ಸುಮಾರು 235.2ನ್ನು ಮೈಲೇಜಿನಿಂದ ಭಾಗಿಸಬೇಕು.

ಅಣ್ಣ: ಲೆಕ್ಕ ಒಪ್ಪಿದೆ. ಆದರೆ ಇಂಥ ತಪ್ಪಿನಿಂದ ಯಾರಿಗೆ ಏನಾಗಿದೆ?

ಅಕ್ಕ: 1983ರ ಜುಲೈನಲ್ಲಿ ಕೆನಡಾದ ಬೋಯಿಂಗ್ 767 ವಿಮಾನವೊಂದರಲ್ಲಿ ಇಂಧನ ಮಾಪಕ ಕೆಟ್ಟಿದ್ದರಿಂದ ಕೈಲೆಕ್ಕ ಹಾಕಿದರು. ಇಂಧನದ ತೂಕ ಲೀಟರಿಗೆ ಸುಮಾರು 0.8 ಕಿಲೋ ಎಂದು ಹಿಡಿಯುವ ಬದಲು, ಲೀಟರಿಗೆ 1.77 ಪೌಂಡ್ ಎಂಬ ದರದ ಸಂಖ್ಯೆಯನ್ನು ಬಳಸಿ, ಬಂದ ಉತ್ತರವನ್ನು ಕಿಲೋ ಎಂದು ಓದಿದರು. ಟ್ಯಾಂಕಿನಲ್ಲಿದ್ದ 7,682 ಲೀಟರು ಹೀಗೆ ಕಾಗದದ ಮೇಲೆ 13,597 ಕಿಲೋ ಆಯಿತು. ವಾಸ್ತವದಲ್ಲಿ ಇದ್ದದ್ದು ಸುಮಾರು 6,170 ಕಿಲೋ. ಉಳಿದ ಇಂಧನವನ್ನೂ ಇದೇ ತಪ್ಪು ಲೆಕ್ಕದಿಂದ ತುಂಬಿಸಿದರು. ಬೇಕಾಗಿದ್ದ 22,300 ಕಿಲೋದ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ಹೊರಟ ವಿಮಾನದ ಎರಡೂ ಎಂಜಿನ್‌ಗಳು ಆಕಾಶದಲ್ಲಿಯೇ ನಿಂತವು. ಪೈಲಟ್‌ಗಳು ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯವರೆಗೆ ತೇಲಿಸಿಕೊಂಡು ಬಂದು ಇಳಿಸಿದ್ದರಿಂದ ಎಲ್ಲರೂ ಬದುಕಿದರು. ಸಂಖ್ಯೆಯ ಪಕ್ಕದಲ್ಲಿ ‘ಲೀಟರಿಗೆ ಪೌಂಡ್’ ಎಂದು ಬರೆದುಕೊಂಡಿದ್ದರೆ ಲೀಟರ್ ಹೊಡೆದುಹೋಗಿ ಪೌಂಡ್ ಉಳಿಯುವುದು ಅಲ್ಲಿಯೇ ಕಾಣುತ್ತಿತ್ತು.

ಚಿಕ್ಕಪ್ಪ: ಸರಿ, ಮೂರನೆಯ ಸಾಲನ್ನು 235.2 ಎಂದು ತಿದ್ದಿ ಮತ್ತೆ ಕಳುಹಿಸಲೇ?

ನಾನು: ಅದಕ್ಕೂ ಮೊದಲು ಯಾವ ಗ್ಯಾಲನ್ ಎಂದು ಬರೆಯಬೇಕು, ಚಿಕ್ಕಪ್ಪ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546 ಲೀಟರ್. ಎರಡನೆಯದಾದರೆ 235.2ರ ಜಾಗದಲ್ಲಿ 282.5 ಬರಬೇಕು.