ಅಮೆರಿಕಾದ ಕಾಲೇಜ್ ಫುಟ್ಬಾಲ್‌ನಾಗ ಸಣ್ಣ ಟೀಮ್ ದೊಡ್ಡವ್ರನ್ನ ಹೆಂಗ ಹೊಡಿತಾವ್ರಿ?

ಟಿಳಕವಾಡಿ_ಹುಡುಗ:
ನಮ್ಮ ಕಾಕಾನ ಮಗ ನ್ಯಾಶ್‌ವಿಲ್‌ನಾಗ ಅದಾನ, 2024ರ ಅಕ್ಟೋಬರ್ 5ನೇ ತಾರೀಖಿನ ಹೈಲೈಟ್ಸ್ ಕಳಿಸಿ ನೋಡಲೇ ನೋಡಲೇ ಅಂತ ತಲಿ ತಿಂದಾನ. ವ್ಯಾಂಡರ್‌ಬಿಲ್ಟ್ ಅನ್ನೋ ಟೀಮು ನಂಬರ್ ಒನ್ ಅಲಬಾಮಾನ್ನ 40-35 ಹೊಡದೈತಿ. ಹಿಂದಿನ ವಾರ ಅಷ್ಟ ಜಾರ್ಜಿಯಾನ್ನ ಸೋಲಿಸಿ ಬಂದಿದ್ದ ಅಲಬಾಮಾ! ಮಂದಿ ಗ್ರೌಂಡಿಗೆ ನುಗ್ಗಿ ಗೋಲ್‌ಪೋಸ್ಟ್ ಕಿತ್ತು ಹೆಗಲ ಮ್ಯಾಲೆ ಹೊತ್ಕೊಂಡು ಪ್ಯಾಟಿ ತುಂಬ ಮೆರವಣಿಗಿ ಮಾಡಿ ಹೊಳ್ಯಾಗ ಒಗದಾರ. ನಮ್ಮ ಬೆಳಗಾವಿ ಲೇಲೆ ಗ್ರೌಂಡ್‌ನಾಗ ಕಾಲಿಲೆ ಆಡೋ ಫುಟ್ಬಾಲ್ ನೋಡಿದಾಂವಗ ಇದೇನೂ ತಿಳಿವಲ್ದು. ಇದು ತುಕ್ಕಾನೋ ಪ್ಲಾನೋ?

ಮುಧೋಳ_ರೇಡರ್:
ತುಕ್ಕಾ ಅಲ್ಲೋ ತಮ್ಮಾ. ನಾಕ್ ಚಾನ್ಸ್‌ನಾಗ ಹತ್ತು ಗಜ ಮುಂದ ಹೋದ್ರ ಮತ್ತ ನಾಕ್ ಚಾನ್ಸ್, ಇಲ್ಲಂದ್ರ ಚೆಂಡು ಅವರಿಗೆ. ನಾಕನೇದ್ರಾಗ ಬಹಳ ಸಲ ಚೆಂಡು ಒದ್ದು ದೂರ ಕಳಸಿಬಿಡ್ತಾರ, ಹಿಂಗಾಗಿ ಮೂರನೇ ಚಾನ್ಸ್ ಅಂದ್ರ ಕಬಡ್ಡ್ಯಾಗಿನ ಡೂ ಆರ್ ಡೈ ರೇಡ್ ಇದ್ದಂಗ. ಅಂಥಾವು 18ರಾಗ 12 ದಾಟ್ಯಾರ ಇವ್ರು. 60 ನಿಮಿಷದ ಆಟದಾಗ 42 ನಿಮಿಷ ಚೆಂಡ್ ಇವರ ಕೈಯಾಗ, ಅಲಬಾಮಾದವ್ರು ಎಷ್ಟ್ ಜೋರ್ ಇದ್ರ ಏನ್ ಬಂತು, ಚೆಂಡ ಸಿಗದ ಬೆಂಚ್ ಮ್ಯಾಲೆ ಕುಂತಾರ. ಕ್ವಾರ್ಟರ್‌ಬ್ಯಾಕ್ (ಚೆಂಡು ಹಿಡಿದು ಆಟ ನಡಸಾಂವ) ಡಿಯಾಗೊ ಪಾವಿಯಾ ಜೂನಿಯರ್ ಕಾಲೇಜಿಂದ (ಅಲ್ಲಿಯ ಎರಡ್ ವರ್ಷದ ಸಣ್ಣ ಕಾಲೇಜು) ಮ್ಯಾಲೆ ಬಂದ ಹುಡುಗ, ಓಡಾಕೂ ಸೈ ಒಗ್ಯಾಕೂ ಸೈ.

ಗುಮ್ಮಟದ_ಕೆಳಗ:
ಪ್ಲಾನ್ ಅಂತ ಪ್ಲಾನು! ಅದ ವ್ಯಾಂಡರ್‌ಬಿಲ್ಟ್ ಮೂರು ವಾರ ಮೊದಲ ಜಾರ್ಜಿಯಾ ಸ್ಟೇಟ್ ಕಡಿಂದ 36-32 ಸೋತಿತ್ತಲ್ರಿ, ಅವತ್ತ ಎಲ್ಲಿ ಹೋಗಿತ್ತು? ಅಲಬಾಮಾ ಸೋತ ದಿನಾನ ದೊಡ್ಡವ್ರಿಗೆ ಕೆಟ್ಟಿತ್ತು, ನಾಕನೇ ನಂಬರ್ ಟೆನೆಸ್ಸಿ ಆರ್ಕನ್ಸಾ ಮುಂದ 19-14 ಬಿತ್ತು, ಮಿಶಿಗನ್ನೂ ಸೋತ್ರು, ಸದರ್ನ್ ಕ್ಯಾಲಿಫೋರ್ನಿಯಾದ ಯುಎಸ್‌ಸಿನೂ ಸೋತ್ರು.

ಮುಧೋಳ_ರೇಡರ್:
@ಗುಮ್ಮಟದ_ಕೆಳಗ ಸೋತದ್ದು ಖರೆ. ಆದ್ರ ದಿನ ಕೆಟ್ಟಿತ್ತಂತ 42 ನಿಮಿಷ ಚೆಂಡು ಯಾರೂ ಬಿಟ್ಟ ಕೊಡೂದಿಲ್ರಿ.

ಕ್ಯಾಂಪ್_ಕಾಕಾ:
ನನಗ ಮಜಾ ಅನಸೂದು ರೊಕ್ಕದ ಕಥಿ. ದೊಡ್ಡ ಕಾಲೇಜಿನವ್ರು ಸೀಸನ್ ಸುರುವಿಗೆ ಸಣ್ಣ ಟೀಮಿಗೆ ರೊಕ್ಕ ಕೊಟ್ಟು ತಮ್ಮ ಗ್ರೌಂಡಿಗೆ ಕರಸ್ತಾರ, ಆರಾಮ ಒಂದ್ ಗೆಲುವು ಜಮಾ ಆಗಲಿ ಅಂತ. ಅದ 2024ರ ಸೆಪ್ಟೆಂಬರ್‌ನಾಗ ನಾಟ್ರ ಡೇಮ್‌ನವ್ರು ನಾರ್ದರ್ನ್ ಇಲಿನಾಯ್‌ಗೆ 14 ಲಕ್ಷ ಡಾಲರ್ ಕೊಟ್ಟು ಕರಸಿದ್ರು, 16-14 ಸೋತ್ರು! ಗೆಲ್ಲಾಕಂತ ನಾಟ್ರ ಡೇಮ್‌ನವ್ರು ಗೋಲ್‌ಪೋಸ್ಟಿಗೆ ಒದ್ದ ಕಡೀ ಕಿಕ್ಕನ್ನ ಇಲಿನಾಯ್ ಹುಡುಗ್ರು ಹಾರಿ ತಡದ್ರು. 2007ರಾಗ ಅಪಲೇಚಿಯನ್ ಸ್ಟೇಟ್ ಮಿಶಿಗನ್ನಿಗೆ 34-32 ಮಾಡಿದ್ದೂ ಹಿಂಗ, ಅಲ್ಲೂ ಕಡೀಕ ಬ್ಲಾಕು, ಅದೂ ಕೆಳಗಿನ ಡಿವಿಜನ್ ಟೀಮು, ಲಕ್ಷದ ಮ್ಯಾಲೆ ಮಂದಿ ಬಾಯಿ ತಕ್ಕೊಂಡು ನಿಂತಿದ್ರು. ರೊಕ್ಕಾನೂ ಹೋತು ಮಾನಾನೂ ಹೋತು.

ಟಿಳಕವಾಡಿ_ಹುಡುಗ:
ಕಾಕಾ ಭಾರಿ ಹೇಳಿದ್ರಿ 😂 ಗೋಲ್‌ಪೋಸ್ಟಿಗೆ ದಂಡ ಬೀಳ್ಲಿಲ್ಲೇನ್ರಿ? ಮತ್ತ ಲೈವ್ ನೋಡಬೇಕಂದ್ರ ಎಷ್ಟಕ್ಕ ಇರ್ತೈತಿ?

ಕ್ಯಾಂಪ್_ಕಾಕಾ:
ಬಿತ್ತಲ್ಲ, ಮಂದಿ ಗ್ರೌಂಡಿಗೆ ನುಗ್ಗಿದ್ದಕ್ಕ ಕಾಲೇಜಿಗೆ 1 ಲಕ್ಷ ಡಾಲರ್ ಹಾಕಿದ್ರು. ಶನಿವಾರ ಅಲ್ಲಿ ನ್ಯೂಯಾರ್ಕ್ ಟೈಮಿನ ಮಧ್ಯಾಹ್ನ ಹನ್ನೆರಡರ ಮ್ಯಾಚು ನಮಗ ರಾತ್ರಿ ಒಂಬತ್ತೂವರಿಗೆ, ನವೆಂಬರ್ ಬಂತಂದ್ರ ಹತ್ತೂವರಿ. ಉಳಿದಾವು ಬೆಳತನಕ ನಡಿತಾವ, ಮನ್ಯಾಗ ಬೈಸ್ಕೊಳ್ಳಾಕ ತಯಾರಿದ್ರ ಕೂಡು.