‘ವಾಪಸು ಇಲ್ಲ’ ಎನ್ನುವ ಅಂಗಡಿಯಿಂದ ಬಂದ ಇಳಕಲ್ ಸೀರೆ: ಈಗ ಏನು ಮಾಡಬಹುದು?

ಮಲಪ್ರಭೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಅರವತ್ತು ತುಂಬುವ ಸಂದರ್ಭಕ್ಕೆಂದು, ಫೋನಿನಲ್ಲಿ ಕಂಡ ಜಾಹೀರಾತೊಂದನ್ನು ನಂಬಿ, ‘ಅಪ್ಪಟ ಕೈಮಗ್ಗದ ಇಳಕಲ್, ರೇಷ್ಮೆ ಸೆರಗು’ ಎಂದು ಬರೆದಿದ್ದ ಸೀರೆಯೊಂದಕ್ಕೆ 2,850 ರೂಪಾಯಿಗಳನ್ನು ಯುಪಿಐ ಮೂಲಕ ಮುಂಗಡವಾಗಿ ಕಳುಹಿಸಿದೆ. ಒಂಬತ್ತು ದಿನಗಳ ನಂತರ ಪೊಟ್ಟಣ ಬಂತು. ಬಿಚ್ಚಿ ನೋಡಿದರೆ ಕೈಯಿಂದ ಜಾರುವ, ಅತಿಯಾಗಿ ಹೊಳೆಯುವ ಬಟ್ಟೆ. ಸೆರಗಿನ ಬಿಳಿ ಪಟ್ಟೆಗಳನ್ನು ನೇಯ್ದಿರಲಿಲ್ಲ, ಅಚ್ಚು ಒತ್ತಿದ್ದರು. ಒದ್ದೆ ಕರವಸ್ತ್ರದಿಂದ ಉಜ್ಜಿದಾಗ ಕೆಂಪು ಬಣ್ಣ ಹತ್ತಿಕೊಂಡಿತು.

ಮಾರಿದವರಿಗೆ ಸಂದೇಶ ಕಳುಹಿಸಿದರೆ, ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಬರೆದಿದ್ದೇವೆ ಎಂಬ ಒಂದೇ ಉತ್ತರ. ಬೇರೆ ದಾರಿ ತೋಚದೆ, ಆ ಅಂಗಡಿಯ ಹೆಸರಿನ ಮುಂದೆ ‘ಕಸ್ಟಮರ್ ಕೇರ್ ನಂಬರ್’ ಎಂದು ಸೇರಿಸಿ ಅಂತರ್ಜಾಲದಲ್ಲಿ ಹುಡುಕಿದೆ. ಸಿಕ್ಕ ಸಂಖ್ಯೆಗೆ ಕರೆ ಮಾಡಿದಾಗ ಮಾತನಾಡಿದ ವ್ಯಕ್ತಿ ಬಹಳ ವಿನಯದಿಂದ ಕ್ಷಮೆ ಕೇಳಿ, ಒಂದು ಆ್ಯಪ್ ಹಾಕಿಕೊಂಡು ಯುಪಿಐ ಪಿನ್ ಒತ್ತಿದರೆ ಹಣ ಮರಳುತ್ತದೆ ಎಂದರು. ಆ್ಯಪ್ ಹಾಕಿಕೊಂಡೂ ಆಗಿತ್ತು. ಅಷ್ಟರಲ್ಲಿ ಕಾಲೇಜಿನಿಂದ ಬಂದ ಮಗ ಫೋನು ಕಿತ್ತುಕೊಂಡ. ಹಣ ಮರಳಿ ಪಡೆಯಲು ಏನಾದರೂ ದಾರಿ ಇದೆಯೇ? ಒಳ್ಳೆಯ ಅಂಗಡಿ ಯಾವುದೆಂದು ಕೊಳ್ಳುವ ಮುಂಚೆಯೇ ತಿಳಿಯುವುದು ಹೇಗೆ?

ನಿವೃತ್ತ ಗುಮಾಸ್ತ ಬರೆದದ್ದು:

ಅಮ್ಮಾ, ಸೀರೆಯ ವಿಷಯ ಆಮೇಲೆ. ಮೊದಲು ಆ ಆ್ಯಪನ್ನು ಫೋನಿನಿಂದ ತೆಗೆದುಹಾಕಿ. ನಿಮ್ಮ ಫೋನಿನ ಪರದೆಯನ್ನು ದೂರದಿಂದಲೇ ನೋಡಲು ಬಳಸುವ ಆ್ಯಪ್ ಅದಾಗಿರುವ ಸಂಭವ ಹೆಚ್ಚು. ನಂತರ ಯುಪಿಐ ಪಿನ್ ಬದಲಾಯಿಸಿ, ಖಾತೆಯ ವ್ಯವಹಾರಗಳನ್ನು ಒಮ್ಮೆ ಪರಿಶೀಲಿಸಿ. ಪಿನ್ ಬೇಕಾಗುವುದು ಹಣ ಕಳುಹಿಸಲು, ಪಡೆಯಲು ಅದರ ಅಗತ್ಯವೇ ಇಲ್ಲ ಎಂಬುದನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹಣ ಹೋಗಿದ್ದು ಕಂಡುಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ವಂಚಕನ ಖಾತೆಯಿಂದ ಮುಂದಕ್ಕೆ ದಾಟುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಇನ್ನು ಮುಂದೆ ಸಹಾಯವಾಣಿಯ ಸಂಖ್ಯೆಯನ್ನು ಬಿಲ್ಲಿನಿಂದಲೋ ಅಂಗಡಿಯ ಸ್ವಂತ ತಾಣದಿಂದಲೋ ತೆಗೆದುಕೊಳ್ಳಿ. ಹುಡುಕಿದಾಗ ಮೊದಲು ಕಾಣುವ ಸಂಖ್ಯೆಯನ್ನು ಯಾರು ಬೇಕಾದರೂ ಹಾಕಿರಬಹುದು.

ಮಗ್ಗದ ಮನೆ ಬರೆದದ್ದು:

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ನೇಯ್ಗೆಯೇ ಕಸುಬು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತೇವೆ. ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರೆ ಆ ಕೊಂಡಿಗಳ ಸಾಲು ತಿಳಿಯುತ್ತದೆ. ಅಚ್ಚು ಒತ್ತಿದ ಬಟ್ಟೆಯಲ್ಲಿ ಅದು ಎಲ್ಲಿಂದ ಬರಬೇಕು? ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇದರ ವಿಡಿಯೊ ಮಾಡಿ ಇಟ್ಟುಕೊಳ್ಳಿ. ಮಾರಿದವರ ಪುಟದಲ್ಲಿದ್ದ ಸೀರೆಯ ಚಿತ್ರ ಮತ್ತು ವಿವರಣೆಯ ಸ್ಕ್ರೀನ್‌ಶಾಟನ್ನು ಇವತ್ತೇ ತೆಗೆಯಿರಿ, ನಾಳೆ ಅವರು ಅದನ್ನು ಅಳಿಸಿಹಾಕಬಹುದು.

ಹೆಡ್‌ಸೆಟ್ ಬರೆದದ್ದು:

ಎಂಟು ವರ್ಷ ಬೆಂಗಳೂರಿನ ಗ್ರಾಹಕ ಸೇವಾ ಕೇಂದ್ರವೊಂದರಲ್ಲಿ ದಿನವಿಡೀ ಕರೆ ಸ್ವೀಕರಿಸಿದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ವಾಪಸು ಇಲ್ಲ ಎಂಬ ಅವರ ಸಾಲು ನಿಮ್ಮ ವಿಷಯದಲ್ಲಿ ನಡೆಯುವುದಿಲ್ಲ. ಮನಸ್ಸಿಗೆ ಹಿಡಿಸಲಿಲ್ಲ ಎಂದು ಮರಳಿಸುವುದು ಬೇರೆ, ಹೇಳಿದ್ದೊಂದು ಕಳುಹಿಸಿದ್ದೊಂದು ಎಂದು ಮರಳಿಸುವುದು ಬೇರೆ. ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಅದನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ವಾಣಿಜ್ಯ ನಿಯಮಗಳೇ ಹೇಳುತ್ತವೆ. ಅದೇ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕದ ವಿವರ ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ನಿಯಮವನ್ನು ಉಲ್ಲೇಖಿಸಿ ಅವರಿಗೆ ಇಮೇಲ್ ಬರೆಯಿರಿ. ಸಂದೇಶಗಳಲ್ಲಿ ಜಗಳವಾಡುತ್ತ ಕೂರಬೇಡಿ.

ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಸಹಾಯವಾಣಿಯವರು ಮಾರಾಟಗಾರರೊಡನೆ ಮಾತನಾಡಿ ಸರಿಪಡಿಸಲು ಯತ್ನಿಸುತ್ತಾರೆಯೇ ಹೊರತು ತೀರ್ಪು ಕೊಡುವುದಿಲ್ಲ. ತೀರ್ಪು ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಮಾರಿದವರು ಯಾವ ರಾಜ್ಯದಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಯವಾದ ಮಾತೇ ಒಳ್ಳೆಯ ಸೇವೆ ಎಂದು ಬಹಳ ಜನ ನಂಬಿದ್ದಾರೆ. ನಿಮ್ಮೊಡನೆ ಎಲ್ಲರಿಗಿಂತ ನಯವಾಗಿ ಮಾತನಾಡಿದವನು ವಂಚಕ ಎಂಬುದನ್ನು ಗಮನಿಸಿ. ‘ತೊಂದರೆಗೆ ಕ್ಷಮಿಸಿ’ ಎಂದು ದಿನಕ್ಕೆ ನೂರು ಸಲ ಹೇಳಲು ನಮಗೂ ತರಬೇತಿ ಕೊಟ್ಟಿದ್ದರು, ಆದರೆ ಐನೂರು ರೂಪಾಯಿ ಮರಳಿಸುವ ಅಧಿಕಾರ ಕೊಟ್ಟಿರಲಿಲ್ಲ. ದೂರಿಗೊಂದು ಸಂಖ್ಯೆ ಕೊಡುತ್ತಾರೆಯೇ, ಎರಡನೆಯ ಸಲ ಕರೆ ಮಾಡಿದಾಗ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆಯೇ, ಹಣ ಯಾವ ದಿನದೊಳಗೆ ಬರುತ್ತದೆಂದು ಬರೆದು ಕೊಡುತ್ತಾರೆಯೇ ಎಂಬುದನ್ನು ನೋಡಬೇಕು. ಇದನ್ನು ಕೊಳ್ಳುವ ಮುಂಚೆಯೇ ಪರೀಕ್ಷಿಸಬಹುದು. ‘ಸೆರಗು ರೇಷ್ಮೆಯದೇ? ಅಲ್ಲದಿದ್ದರೆ ಮರಳಿಸಲು ಸಾಗಣೆ ವೆಚ್ಚ ಯಾರದು?’ ಎಂದು ಒಂದು ಇಮೇಲ್ ಹಾಕಿ ಎರಡು ದಿನ ಕಾಯಿರಿ. ಮಾರುವ ಮೊದಲೇ ಉತ್ತರಿಸದವರು ಹಣ ಪಡೆದ ಮೇಲೆ ಉತ್ತರಿಸಿದ್ದನ್ನು ನಾನು ಕಂಡಿಲ್ಲ. ತಾಣದಲ್ಲಿ ಅಂಚೆ ವಿಳಾಸವಿಲ್ಲದೆ ಬರೀ ವಾಟ್ಸ್‌ಆ್ಯಪ್ ಸಂಖ್ಯೆ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಜಿಎಸ್‌ಟಿ ಸಂಖ್ಯೆ ಇದ್ದರೆ ಸರ್ಕಾರದ ಜಿಎಸ್‌ಟಿ ತಾಣದಲ್ಲಿ ಹಾಕಿ ನೋಡಿ. ಇಳಕಲ್ಲಿನವರೇ ಎಂದು ಹೇಳಿಕೊಳ್ಳುವವರ ಸಂಖ್ಯೆ ಕರ್ನಾಟಕದ 29ರಿಂದ ಆರಂಭವಾಗಬೇಕು.

ಮಲಪ್ರಭೆ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಖಾತೆಯಿಂದ ಹಣವೇನೂ ಹೋಗಿಲ್ಲ. ಎಳೆ ಸುಟ್ಟು ನೋಡಿದೆ, ಸಾಸಿವೆ ಗಾತ್ರದ ಕಪ್ಪು ಮಣಿಯಾಯಿತು. ಬಿಲ್ಲಿನಲ್ಲಿದ್ದ ಜಿಎಸ್‌ಟಿ ಸಂಖ್ಯೆ 24ರಿಂದ ಆರಂಭವಾಗುತ್ತದೆ, ಅದು ಗುಜರಾತಿನದಂತೆ. ನಿಯಮ ಉಲ್ಲೇಖಿಸಿ ಇಮೇಲ್ ಕಳುಹಿಸಿದ ಮರುದಿನವೇ ‘ಅರ್ಧ ಹಣ ಕೊಡುತ್ತೇವೆ, ಸೀರೆ ನೀವೇ ಇಟ್ಟುಕೊಳ್ಳಿ’ ಎಂಬ ಉತ್ತರ ಬಂತು. ಒಪ್ಪದೆ 1915ರಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆದಿದ್ದೇನೆ. ಮಗ್ಗದ ಮನೆಯವರೇ, ಅತ್ತೆಯವರ ಕಾರ್ಯಕ್ರಮಕ್ಕೆ ಇನ್ನು ಹದಿನೆಂಟು ದಿನಗಳಿವೆ. ಅಷ್ಟರಲ್ಲಿ ಕೊಂಡಿ ಹಾಕಿ ನೇಯ್ದ ಸೀರೆಯೊಂದು ಸಿಗಬಹುದೇ? ಸಾಗಣೆ ವೆಚ್ಚ ಯಾರದು ಎಂದು ಈಗಲೇ ಕೇಳಿಬಿಡುತ್ತೇನೆ.