ಬೀಗದ ಕೈ ಜೇಬಿನಲ್ಲಿದ್ದರೆ ಅದು ವಿರಾಮವೇ?

*ನಾಗೇಶ:* ಗೆಳೆಯರೇ, ನಮ್ಮ ಕಚೇರಿಯ ಹೊಸ ಸೇವಾ ನಿಯಮಾವಳಿಯ ಎರಡು ಪುಟಗಳನ್ನು ಮೇಲೆ ಹಾಕಿದ್ದೇನೆ. ಸೋಮವಾರದೊಳಗೆ ಎಲ್ಲರೂ ಸಹಿ ಮಾಡಿ ಕೊಡಬೇಕಂತೆ. 7ನೆಯ ನಿಯಮವನ್ನು ಓದಿ: "ನೌಕರನು ತನ್ನ ಸಂಪೂರ್ಣ ಸಮಯವನ್ನು ಸಂಸ್ಥೆಗೆ ಮೀಸಲಿಡತಕ್ಕದ್ದು, ಲಿಖಿತ ಅನುಮತಿಯಿಲ್ಲದೆ, ಸಂಭಾವನೆ ಇರಲಿ ಇಲ್ಲದಿರಲಿ, ಬೇರಾವ ಕೆಲಸದಲ್ಲಿಯೂ ತೊಡಗತಕ್ಕದ್ದಲ್ಲ." ರಜೆಯ ದಿನ ನಾಲ್ಕು ಮಕ್ಕಳಿಗೆ ಉಚಿತವಾಗಿ ಗಣಿತ ಹೇಳಿಕೊಡುವುದಕ್ಕೂ ನಾನು ಇನ್ನು ಅರ್ಜಿ ಹಾಕಬೇಕೆ?

*ಪ್ರಕಾಶ:* ನನ್ನ ವರ್ಕ್‌ಶಾಪಿನ ನೇಮಕಾತಿ ಪತ್ರದಲ್ಲೂ ಹೆಚ್ಚುಕಡಿಮೆ ಇದೇ ವಾಕ್ಯವಿದೆ ನಾಗೇಶ, ಅದನ್ನು ನಾನು ಸುಮ್ಮನೆ ಸೇರಿಸಿದ್ದಲ್ಲ. ಒಬ್ಬ ಹುಡುಗ ರಾತ್ರಿಯಿಡೀ ಇನ್ನೊಂದು ಕಡೆ ದುಡಿದು ಬಂದು, ಬೆಳಗ್ಗೆ ಲೇತ್ ಮುಂದೆ ನಿಂತು ತೂಕಡಿಸುತ್ತಿದ್ದ. ತಿರುಗುತ್ತಿದ್ದ ಚಕ್‌ಗೂ ಅವನ ಅಂಗಿಯ ತೋಳಿಗೂ ನಡುವೆ ಎರಡು ಬೆರಳಿನಷ್ಟೇ ಅಂತರವಿತ್ತು. ಆತನ ಕೈ ಹೋಗಿದ್ದರೆ ಉತ್ತರ ಹೇಳಬೇಕಾಗಿದ್ದವನು ನಾನೇ ಹೊರತು ಆ ರಾತ್ರಿಯ ಮಾಲೀಕನಲ್ಲ. ಇನ್ನೊಬ್ಬ, ನಮ್ಮ ಟೆಂಡರಿನ ದರಗಳನ್ನು ಪ್ರತಿಸ್ಪರ್ಧಿಗೆ ತಲುಪಿಸಿದ. ಇಷ್ಟಾದ ಮೇಲೂ ನಿರ್ಬಂಧ ಬೇಡವೆಂದರೆ ಹೇಗೆ?

*ಶಾರದಾ:* ಪ್ರಕಾಶ, ನೀನು ಹೇಳಿದ ಎರಡೂ ಕಾರಣಗಳು ಸರಿಯಾದವೇ. ಆದರೆ ನಾಗೇಶನ ನಿಯಮದಲ್ಲಿ ಕಾರಣವೇ ಇಲ್ಲ ಎಂಬುದನ್ನು ಗಮನಿಸು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನವೊಂದು ಈ ಗಂಟನ್ನು ಬಿಡಿಸಿರುವ ರೀತಿ ನನಗೆ ಹಿಡಿಸಿತು: ಗೊತ್ತುಪಡಿಸಿದ ಕೆಲಸದ ವೇಳೆಯ ಹೊರಗೆ ನೌಕರನು ಬೇರೆಡೆ ದುಡಿಯುವುದನ್ನು ಮಾಲೀಕರು ತಡೆಯುವಂತಿಲ್ಲ, ಆದರೆ ಆರೋಗ್ಯ ಮತ್ತು ಸುರಕ್ಷತೆ, ವ್ಯವಹಾರದ ಗೋಪ್ಯತೆ, ಹಿತಾಸಕ್ತಿಗಳ ಸಂಘರ್ಷ ಮುಂತಾದ ವಸ್ತುನಿಷ್ಠ ಕಾರಣಗಳಿದ್ದಲ್ಲಿ ನಿರ್ಬಂಧಕ್ಕೆ ಸದಸ್ಯ ರಾಷ್ಟ್ರಗಳು ಅವಕಾಶ ಕೊಡಬಹುದು. ನಿನ್ನ ಲೇತ್ ಹುಡುಗನೂ ಟೆಂಡರ್ ಮಾರಿದವನೂ ಆ ಪಟ್ಟಿಯೊಳಗೇ ಬರುತ್ತಾರೆ. ಗಣಿತದ ಪಾಠ ಬರುವುದಿಲ್ಲ. ಮೂವತ್ತು ವರ್ಷ ಸಿಬ್ಬಂದಿ ವಿಭಾಗದಲ್ಲಿದ್ದು ಇಂಥ ವಾಕ್ಯಗಳನ್ನು ನಾನೇ ಎಷ್ಟೋ ಸಲ ಹಳೆಯ ಕಡತದಿಂದ ನಕಲು ಮಾಡಿ ಅಂಟಿಸಿದ್ದೇನೆ, ಆದ್ದರಿಂದ ಅವು ಹೇಗೆ ಹುಟ್ಟುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು.

*ವಸಂತಾ:* ನೀವೆಲ್ಲ 7ನೆಯ ನಿಯಮವನ್ನೇ ಹಿಡಿದುಕೊಂಡಿದ್ದೀರಿ. ಎರಡನೆಯ ಪುಟದ 12ನ್ನು ಯಾರೂ ಓದಿದಂತಿಲ್ಲ: "ಮೂವತ್ತು ನಿಮಿಷಗಳ ವಿರಾಮದ ಅವಧಿಯಲ್ಲಿಯೂ ದೂರವಾಣಿ ಕರೆಗಳಿಗೆ ಉತ್ತರಿಸುವ ಹೊಣೆ ನೌಕರನದೇ ಆಗಿರುತ್ತದೆ."

*ನಾಗೇಶ:* ಅದು ನಮಗೆ ಹೊಸದಲ್ಲ ವಸಂತಾ. ಊಟಕ್ಕೆ ಕುಳಿತವನು ಮೂರು ಸಲ ಎದ್ದರೂ ಹಾಜರಾತಿಯ ತಂತ್ರಾಂಶ ಪ್ರತಿದಿನ ಅರ್ಧ ಗಂಟೆಯನ್ನು ತಾನಾಗಿಯೇ ಕಳೆದುಬಿಡುತ್ತದೆ.

*ವಸಂತಾ:* ನಮ್ಮ ವಾರ್ಡಿನಲ್ಲಿ ಔಷಧದ ಕಪಾಟಿನ ಬೀಗದ ಕೈಯನ್ನು ಇನ್ನೊಬ್ಬ ನರ್ಸ್‌ಗೆ ಒಪ್ಪಿಸಿ, ಪುಸ್ತಕದಲ್ಲಿ ಸಮಯ ಬರೆದು, ಅವಳ ಸಹಿ ಪಡೆದ ಕ್ಷಣದಿಂದ ವಿರಾಮ ಆರಂಭವಾಗುತ್ತದೆ. ಬೀಗದ ಕೈ ನನ್ನ ಜೇಬಿನಲ್ಲೇ ಇದ್ದರೆ, ನಾನು ಕಾಲು ಚಾಚಿ ಕುಳಿತಿದ್ದರೂ ಅದು ಕೆಲಸವೇ.

*ಪ್ರಕಾಶ:* ಆಸ್ಪತ್ರೆಯ ಮಾತು ಬೇರೆ. ಒಂದೆರಡು ಕರೆಗಳಿಗೆ ಉತ್ತರಿಸಿದ ಮಾತ್ರಕ್ಕೆ ಅರ್ಧ ಗಂಟೆಯ ಸಂಬಳ ಕೇಳುವುದು ಅತಿಯಾಯಿತು.

*ಶಾರದಾ:* ಬೇರೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರಲ್ಲಿ ಕೈಗಾರಿಕೆಗಳಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ನಿಗದಿಮಾಡಿತು. 1930ರಲ್ಲಿ ಅದನ್ನು ವಾಣಿಜ್ಯ ಮತ್ತು ಕಚೇರಿಗಳಿಗೆ ವಿಸ್ತರಿಸುವ ಒಡಂಬಡಿಕೆಯನ್ನು ತಂದಾಗ ಕೆಲಸದ ವೇಳೆ ಎಂದರೇನೆಂಬುದನ್ನೂ ಹೇಳಿತು. ನೌಕರನು ಮಾಲೀಕನ ಅಧೀನದಲ್ಲಿರುವ ಸಮಯವೇ ಕೆಲಸದ ವೇಳೆ. ಆ ಅಧೀನತೆಯಿಲ್ಲದ ವಿಶ್ರಾಂತಿಯಷ್ಟೇ ಅದರಿಂದ ಹೊರಗು. ಕೈಗೆ ಎಷ್ಟು ಕೆಲಸ ಬಂತು ಎಂಬ ಲೆಕ್ಕ ಅಲ್ಲಿಲ್ಲ. 2018ರಲ್ಲಿ ಐರೋಪ್ಯ ನ್ಯಾಯಾಲಯ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು: ಕರೆ ಬಂದರೆ 8 ನಿಮಿಷಗಳಲ್ಲಿ ಠಾಣೆ ತಲುಪಬೇಕೆಂಬ ಕರಾರಿನ ಮೇಲೆ ಮನೆಯಲ್ಲಿ ಕಾಯುತ್ತಿದ್ದ ಬೆಲ್ಜಿಯಂನ ಅಗ್ನಿಶಾಮಕ ಸಿಬ್ಬಂದಿಯ ಆ ಕಾಯುವಿಕೆಯೂ ಕೆಲಸದ ವೇಳೆಯೇ ಎಂದಿತು.

*ನಾಗೇಶ:* ಹಾಗಾದರೆ 7 ಮತ್ತು 12ನ್ನು ಜೊತೆಗಿಟ್ಟು ಓದಿದಾಗಲೇ ನಿಜವಾದ ತಕರಾರು ಕಾಣುತ್ತದೆ ಅಕ್ಕ. ಹೊರಗಿನ ಕೆಲಸವನ್ನು ತಡೆಯುವಾಗ ನನ್ನ ಇಡೀ ದಿನ ಸಂಸ್ಥೆಯದು. ಗಂಟೆ ಲೆಕ್ಕ ಹಾಕುವಾಗ ಮಾತ್ರ ಊಟದ ಅರ್ಧ ಗಂಟೆ ನನ್ನದು.

*ಪ್ರಕಾಶ:* ಅದನ್ನು ಒಪ್ಪುತ್ತೇನೆ. ಆದರೆ ಶಾರದಕ್ಕ ಹೇಳಿದ ಕಾರಣಗಳನ್ನು ಸಾಬೀತುಮಾಡುವ ಭಾರವೆಲ್ಲ ಹನ್ನೆರಡು ಜನರ ಪುಟ್ಟ ವರ್ಕ್‌ಶಾಪಿನ ಮೇಲೆ ಬಿದ್ದರೆ ನಾವು ನಡೆಸುವುದು ಕಷ್ಟ. ರಾತ್ರಿ ಎಲ್ಲಿ ದುಡಿದೆ ಎಂದು ಕೇಳಿದರೆ ಯಾರು ನಿಜ ಹೇಳುತ್ತಾರೆ? ನನ್ನ ಪತ್ರದ ವಾಕ್ಯವನ್ನು ನಾನಂತೂ ತೆಗೆಯುವುದಿಲ್ಲ.

*ಶಾರದಾ:* ತೆಗೆಯುವುದು ಬೇಡ, ತಿದ್ದು. ಅನುಮತಿಯ ಬದಲು ಮುಂಚಿತವಾಗಿ ತಿಳಿಸಬೇಕೆಂದು ಬರೆ. ಯಾವ ಕಾರಣಕ್ಕೆ ನಿರಾಕರಿಸಬಹುದೆಂಬುದನ್ನು ಅಲ್ಲೇ ಹೇಳು. ತಿಳಿಸಿದರೆ ಕೆಲಸ ಹೋಗುವುದಿಲ್ಲವೆಂಬ ಭರವಸೆ ಇದ್ದಾಗ ನಿಜ ಹೇಳುವವರು ಹೆಚ್ಚುತ್ತಾರೆ. ನಾಗೇಶ, ನೀನು ಸಹಿ ಮಾಡುವ ಮುನ್ನ 12ರ ಬಗ್ಗೆ ಬರಹದಲ್ಲೇ ಸ್ಪಷ್ಟೀಕರಣ ಕೇಳು, ಬಾಯಿಮಾತು ಬೇಡ. ವಿರಾಮದಲ್ಲಿ ಕರೆ ಬಂದ ದಿನಾಂಕ, ವೇಳೆಗಳನ್ನು ಎರಡು ವಾರ ಒಂದು ಪುಸ್ತಕದಲ್ಲಿ ಗುರುತು ಹಾಕಿಕೋ.

*ನಾಗೇಶ:* ಇಂದಿನದನ್ನು ಬರೆದಿದ್ದೇನೆ: 1 ಗಂಟೆ 10 ನಿಮಿಷ, 1 ಗಂಟೆ 17 ನಿಮಿಷ, 1 ಗಂಟೆ 26 ನಿಮಿಷ.